ದ್ರವ್ಯ, ಪ್ರತಿದ್ರವ್ಯ ಮತ್ತು ಮುರಿದ ಸಮಮಿತಿ: ಸರ್ನ್ ಸುದ್ದಿಯನ್ನು ಓದುವುದು ಹೇಗೆ

2025ರ ಮಾರ್ಚ್ ಕೊನೆಯಲ್ಲಿ ಜಿನೀವಾದ ಸರ್ನ್ ಕಣಭೌತ ಪ್ರಯೋಗಾಲಯದಿಂದ ಒಂದು ಪ್ರಕಟಣೆ ಬಂತು. ಅಲ್ಲಿನ ಎಲ್‌ಎಚ್‌ಸಿಬಿ ತಂಡವು ಬೇರಿಯಾನ್ (ಪ್ರೋಟಾನ್, ನ್ಯೂಟ್ರಾನ್ ಬಗೆಯ ಕಣ) ಗುಂಪಿಗೆ ಸೇರಿದ ಒಂದು ಕಣವೂ ಅದರ ಪ್ರತಿಕಣವೂ (ತೂಕ ಅದೇ, ವಿದ್ಯುದಂಶದಂಥ ಗುಣಗಳು ತಿರುವುಮುರುವು) ಒಂದೇ ಪ್ರಮಾಣದಲ್ಲಿ ಕ್ಷಯಿಸುವುದಿಲ್ಲ, ಅಂದರೆ ಬೇರೆ ಕಣಗಳಾಗಿ ಒಡೆಯುವುದಿಲ್ಲ, ಎಂದು ಮೊದಲ ಬಾರಿಗೆ ಖಚಿತವಾಗಿ ಕಂಡುಕೊಂಡಿತ್ತು. ಜುಲೈನಲ್ಲಿ ಪ್ರಬಂಧ ನೇಚರ್ ಪತ್ರಿಕೆಯಲ್ಲಿ ಅಚ್ಚಾಯಿತು. ಎರಡೂ ಸಲ ಸುದ್ದಿ ಎರಡು ರೂಪದಲ್ಲಿ ಹರಡಿತು. ವಿಶ್ವದಲ್ಲಿ ನಾವೆಲ್ಲ ಏಕೆ ಇದ್ದೇವೆ ಎಂಬ ಒಗಟು ಬಿಡಿಸಿತು ಎಂದು ಕೆಲವರು ಬರೆದರು. ಭೌತವಿಜ್ಞಾನದ ಮೂಲ ನಿಯಮವೇ ಮುರಿಯಿತು ಎಂದು ಇನ್ನು ಕೆಲವರು.

ಒಗಟು ಬಿಡಿಸಿಲ್ಲ. ನಿಯಮವೂ ಮುರಿದಿಲ್ಲ, ಮುರಿದದ್ದು ಒಂದು ಸಮಮಿತಿ, ಮತ್ತು ಅದು ಹೀಗೆ ಮುರಿಯಬೇಕು ಎಂದು ಸಿದ್ಧಾಂತ 1973ರಿಂದಲೂ ಹೇಳುತ್ತಿತ್ತು. ಹಾಗಾದರೆ ಈ ಫಲಿತಾಂಶದ ಮಹತ್ವವೇನು? ಅದನ್ನು ತಿಳಿಯಲು ಕ್ವಾಂಟಮ್ ಭೌತವಿಜ್ಞಾನದಲ್ಲಿ ಸಮಮಿತಿ ಮಾಡುವ ಕೆಲಸವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಬದಲಿಸಿದರೂ ಬದಲಾಗದ್ದು

ಒಂದು ಪ್ರಯೋಗವನ್ನು ಇಂದು ಮಾಡಿದರೂ ನಾಳೆ ಮಾಡಿದರೂ, ಬೆಂಗಳೂರಿನಲ್ಲಿ ಮಾಡಿದರೂ ಟೋಕಿಯೊದಲ್ಲಿ ಮಾಡಿದರೂ, ಉಪಕರಣವನ್ನು ಉತ್ತರಕ್ಕೆ ತಿರುಗಿಸಿದರೂ ಪೂರ್ವಕ್ಕೆ ತಿರುಗಿಸಿದರೂ ಮೂಲ ನಿಯಮಗಳು ಅವೇ. ಭೌತವಿಜ್ಞಾನಿಗಳು ಸಮಮಿತಿ ಎನ್ನುವುದು ಇದನ್ನೇ. ಏನನ್ನೋ ಬದಲಿಸುತ್ತೇವೆ, ನಿಯಮ ಮಾತ್ರ ಬದಲಾಗದೆ ಉಳಿಯುತ್ತದೆ.

ಕೇಳಲು ಸಪ್ಪೆ ಎನ್ನಿಸುವ ಈ ಮಾತಿನ ಆಳವನ್ನು ತೋರಿಸಿದವರು ಗಣಿತಜ್ಞೆ ಎಮ್ಮಿ ನೋಥರ್. ಜರ್ಮನಿಯ ಗಾಟಿಂಗೆನ್‌ನಲ್ಲಿ ಹೆಣ್ಣೆಂಬ ಕಾರಣಕ್ಕೆ ಅಧ್ಯಾಪಕ ಹುದ್ದೆಯ ಬಾಗಿಲು ಮುಚ್ಚಿದ್ದ ಕಾಲದಲ್ಲಿ, 1918ರಲ್ಲಿ, ಅವರು ಪ್ರಕಟಿಸಿದ ಪ್ರಮೇಯದ ಪ್ರಕಾರ ಪ್ರತಿಯೊಂದು ನಿರಂತರ ಸಮಮಿತಿಯ ಬೆನ್ನಿಗೆ ಒಂದು ಸಂರಕ್ಷಣಾ ನಿಯಮ ಇರುತ್ತದೆ. ಕಾಲ ಸರಿದರೂ ನಿಯಮ ಬದಲಾಗದು, ಆದ್ದರಿಂದ ಶಕ್ತಿ ಉಳಿಯುತ್ತದೆ. ಸ್ಥಳ ಬದಲಾದರೂ ನಿಯಮ ಅದೇ, ಆದ್ದರಿಂದ ಸಂವೇಗ ಉಳಿಯುತ್ತದೆ. ದಿಕ್ಕು ತಿರುಗಿಸಿದರೂ ಅದೇ, ಆದ್ದರಿಂದ ಕೋನೀಯ ಸಂವೇಗ ಉಳಿಯುತ್ತದೆ. ಶಾಲೆಯಲ್ಲಿ ಬೇರೆ ಬೇರೆ ಪಾಠಗಳಾಗಿ ಕಲಿತ ನಿಯಮಗಳೆಲ್ಲ ಒಂದೇ ಬೇರಿನಿಂದ ಬಂದವು.

ಕ್ವಾಂಟಮ್ ಸಿದ್ಧಾಂತ ಇದನ್ನು ಇನ್ನೂ ಒಂದು ಹೆಜ್ಜೆ ಒಳಕ್ಕೆ ಒಯ್ದಿತು. ಇಲ್ಲಿ ಕಣದ ಸ್ಥಿತಿಯನ್ನು ಅಲೆಯಂತೆ ಬರೆಯುತ್ತೇವೆ. ಆ ಅಲೆಗೆ ಎತ್ತರ ಮಾತ್ರವಲ್ಲ, ಫೇಸ್ ಎಂಬ ಗುಣವೂ ಇದೆ. ಅಲೆ ತನ್ನ ಏರಿಳಿತದ ಯಾವ ಹಂತದಲ್ಲಿದೆ ಎಂಬುದರ ಅಳತೆ ಅದು. ಒಂಟಿ ಅಲೆಯ ಫೇಸ್ ಅನ್ನು ಯಾರೂ ಅಳೆಯಲಾರರು, ಎರಡು ಅಲೆಗಳ ನಡುವಿನ ಫೇಸ್ ವ್ಯತ್ಯಾಸವನ್ನಷ್ಟೇ ಅಳೆಯಬಹುದು. ಪ್ರತಿ ಬಿಂದುವಿನಲ್ಲೂ ಫೇಸ್ ಅನ್ನು ನಮಗೆ ಬೇಕಾದಂತೆ ಬದಲಿಸಿದರೂ ನಿಯಮ ಬದಲಾಗಕೂಡದು ಎಂದು ಪಟ್ಟು ಹಿಡಿದರೆ, ಸಮೀಕರಣದಲ್ಲಿ ವಿದ್ಯುತ್ಕಾಂತ ಕ್ಷೇತ್ರಕ್ಕೆ ಜಾಗ ಮಾಡಿಕೊಡದೆ ಬೇರೆ ದಾರಿಯೇ ಇರುವುದಿಲ್ಲ. ಬೆಳಕು ಆ ಪಟ್ಟಿನ ಫಲವಾಗಿ ಲೆಕ್ಕದೊಳಗೆ ಬರುತ್ತದೆ. ಇದೇ ತರ್ಕವನ್ನು ಹಿಗ್ಗಿಸಿದಾಗ ನ್ಯೂಕ್ಲಿಯಸ್ ಅನ್ನು ಹಿಡಿದಿಡುವ ಪ್ರಬಲ ಬಲ ಮತ್ತು ಕೆಲವು ವಿಕಿರಣಶೀಲ ಕ್ಷಯಗಳಿಗೆ ಕಾರಣವಾಗುವ ದುರ್ಬಲ ಬಲಗಳ ಸಿದ್ಧಾಂತಗಳೂ ಸಿಕ್ಕವು. ಇವೆಲ್ಲ ಸೇರಿದ ಕಟ್ಟಡವೇ ಸ್ಟ್ಯಾಂಡರ್ಡ್ ಮಾಡೆಲ್. ಬಲಗಳನ್ನು ಮೊದಲು ಕಂಡು ಆಮೇಲೆ ಅವುಗಳ ಸಮಮಿತಿಯನ್ನು ಗುರುತಿಸುತ್ತಿದ್ದ ಕಾಲ ಹೋಗಿ, ಸಮಮಿತಿಯಿಂದಲೇ ಬಲವನ್ನು ಊಹಿಸುವ ಕಾಲ ಬಂದದ್ದು ಹೀಗೆ.

ಕನ್ನಡಿ ಸುಳ್ಳು ಹೇಳಿದ ವರ್ಷ

ಮೇಲಿನವು ನಿರಂತರ ಸಮಮಿತಿಗಳು. ಸ್ವಲ್ಪ ಸ್ವಲ್ಪವೇ ತಿರುಗಿಸಬಹುದು, ಸರಿಸಬಹುದು. ಈಗಿನ ಸುದ್ದಿ ಇನ್ನೊಂದು ಬಗೆಯದು. ಇಲ್ಲಿ ಬದಲಾವಣೆ ಒಂದೇ ಏಟಿಗೆ ಆಗುತ್ತದೆ. ಎಡ-ಬಲ ಅದಲು ಬದಲಾಗುವ ಕನ್ನಡಿ ಬಿಂಬಕ್ಕೆ ಪಿ ಎಂದು ಹೆಸರು. ಪ್ರತಿ ಕಣದ ಜಾಗದಲ್ಲಿ ಅದರ ಪ್ರತಿಕಣವನ್ನು ಇಡುವುದು ಸಿ. ಕಾಲವನ್ನು ಹಿಂದಕ್ಕೆ ಓಡಿಸುವುದು ಟಿ.

ಕನ್ನಡಿಯೊಳಗಿನ ಜಗತ್ತು ಭೌತ ನಿಯಮಗಳಿಗೆ ತಪ್ಪದೆ ನಡೆಯುತ್ತದೆ ಎಂದು 1956ರವರೆಗೂ ಎಲ್ಲರೂ ನಂಬಿದ್ದರು. ಆ ವರ್ಷ ಲೀ ಮತ್ತು ಯಾಂಗ್ ಎಂಬ ಇಬ್ಬರು ತರುಣ ಸಿದ್ಧಾಂತಿಗಳು, ದುರ್ಬಲ ಬಲದ ವಿಷಯದಲ್ಲಿ ಇದನ್ನು ಯಾರೂ ಪರೀಕ್ಷಿಸಿಯೇ ಇಲ್ಲವಲ್ಲ ಎಂದು ತೋರಿಸಿಕೊಟ್ಟರು. ಪರೀಕ್ಷೆಗೆ ಇಳಿದವರು ಚಿಯೆನ್-ಶಿಯುಂಗ್ ವು. ಕೋಬಾಲ್ಟ್-60 ನ್ಯೂಕ್ಲಿಯಸ್‌ಗಳನ್ನು ಪರಮ ಶೂನ್ಯಕ್ಕೆ ತೀರ ಹತ್ತಿರದ ತಾಪಕ್ಕೆ ತಂಪಾಗಿಸಿ, ಕಾಂತಕ್ಷೇತ್ರದಿಂದ ಅವುಗಳ ಗಿರಕಿಯನ್ನೆಲ್ಲ ಒಂದೇ ದಿಕ್ಕಿಗೆ ಜೋಡಿಸಿ ನೋಡಿದಾಗ, ಹೊರಬಂದ ಎಲೆಕ್ಟ್ರಾನ್‌ಗಳಲ್ಲಿ ಹೆಚ್ಚಿನವು ಗಿರಕಿಗೆ ವಿರುದ್ಧ ದಿಕ್ಕನ್ನೇ ಹಿಡಿದವು. ಕನ್ನಡಿಯಲ್ಲಿ ನೋಡಿದರೆ ಇದು ತಿರುವುಮುರುವಾಗಿ ಕಾಣುತ್ತದೆ. ಅಂದರೆ ಪಿ ಸಮಮಿತಿ ಮುರಿದಿತ್ತು. ಲೀ, ಯಾಂಗ್ ಇಬ್ಬರಿಗೂ 1957ರಲ್ಲೇ ನೊಬೆಲ್ ಬಂತು. ಪ್ರಯೋಗದ ಮುಂದಾಳು ವು ಅವರಿಗೆ ಕೊನೆಗೂ ಬರಲಿಲ್ಲ, ಇದು ಇಂದಿಗೂ ನೋಯಿಸುವ ಸಂಗತಿ.

ಭೌತವಿಜ್ಞಾನಿಗಳು ಆಗ ಇನ್ನೊಂದು ಆಸರೆ ಹುಡುಕಿಕೊಂಡರು. ಕನ್ನಡಿ ಹಿಡಿಯುವುದರ ಜೊತೆಗೆ ಕಣಗಳನ್ನು ಪ್ರತಿಕಣಗಳಾಗಿಯೂ ಬದಲಿಸಿದರೆ, ಅಂದರೆ ಸಿಪಿ ಎರಡನ್ನೂ ಒಟ್ಟಿಗೆ ಮಾಡಿದರೆ, ಎಲ್ಲವೂ ಸರಿಹೋಗುತ್ತದೆ ಎಂದುಕೊಂಡರು. ಆ ನೆಮ್ಮದಿ ಏಳು ವರ್ಷವಷ್ಟೇ ಬಾಳಿತು. 1964ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಕ್ರೋನಿನ್, ಫಿಚ್ ಮತ್ತು ಸಂಗಡಿಗರು, ದೀರ್ಘಾಯುಷಿ ಕೇಯಾನ್ ಎಂಬ ಕಣವು ಸಾವಿರಕ್ಕೆ ಸುಮಾರು ಎರಡು ಸಲ ಸಿಪಿ ಸಮಮಿತಿ ನಿಷೇಧಿಸಿದ ರೀತಿಯಲ್ಲಿ ಕ್ಷಯಿಸುವುದನ್ನು ಕಂಡರು. ಪ್ರಮಾಣ ಸಣ್ಣದು, ಪರಿಣಾಮ ದೊಡ್ಡದು: ದ್ರವ್ಯ ಮತ್ತು ಪ್ರತಿಕಣಗಳಿಂದಾದ ಪ್ರತಿದ್ರವ್ಯಗಳ ನಡುವೆ ನಿಸರ್ಗ ತಾರತಮ್ಯ ಮಾಡುತ್ತದೆ.

ಒಂದೇ ಗುರಿಗೆ ಎರಡು ದಾರಿ

ನಿಸರ್ಗ ತಾರತಮ್ಯ ಮಾಡುವುದು ಹೇಗೆ ಎಂಬುದು ಈ ಇಡೀ ವಿಷಯದ ತಿರುಳು. ಸುದ್ದಿಗಳಲ್ಲಿ ಬಿಟ್ಟುಹೋಗುವುದೂ ಇದೇ.

ಕ್ವಾಂಟಮ್ ಜಗತ್ತಿನಲ್ಲಿ ಒಂದು ಕ್ಷಯಕ್ಕೆ ಎರಡು ದಾರಿಗಳಿದ್ದರೆ ಎರಡರ ಅಲೆಗಳೂ ಕೂಡುತ್ತವೆ. ಕೆರೆಯ ನೀರಿಗೆ ಎರಡು ಕಲ್ಲು ಎಸೆದಾಗ ಉಂಗುರಗಳು ಸೇರುವ ಕಡೆ ಅಲೆ ಎಲ್ಲೋ ಉಬ್ಬುತ್ತದೆ, ಎಲ್ಲೋ ತಗ್ಗುತ್ತದೆ. ಹಾಗೆಯೇ ಇಲ್ಲೂ. ಎರಡು ಅಲೆಗಳ ಫೇಸ್ ವ್ಯತ್ಯಾಸ ಕಡಿಮೆಯಿದ್ದರೆ ಕ್ಷಯದ ಸಂಭವ ಹೆಚ್ಚುತ್ತದೆ, ಹೆಚ್ಚಿದ್ದರೆ ಕುಗ್ಗುತ್ತದೆ.

ಈ ಫೇಸ್ ವ್ಯತ್ಯಾಸಕ್ಕೆ ಎರಡು ಮೂಲಗಳಿವೆ. ಒಂದು ಪ್ರಬಲ ಬಲದಿಂದ ಬರುವುದು. ಕಣವಾಗಲಿ ಪ್ರತಿಕಣವಾಗಲಿ ಅದು ಬದಲಾಗದು. ಇನ್ನೊಂದು ದುರ್ಬಲ ಬಲದಿಂದ ಬರುವುದು. ಕಣದಿಂದ ಪ್ರತಿಕಣಕ್ಕೆ ಹೋದಾಗ ಇದರ ಚಿಹ್ನೆ ತಿರುಗುತ್ತದೆ, ಕೂಡುತ್ತಿದ್ದದ್ದು ಕಳೆಯುತ್ತದೆ. ಉದಾಹರಣೆಗೆ ಮೊದಲನೆಯದು 30 ಡಿಗ್ರಿ, ಎರಡನೆಯದು 60 ಡಿಗ್ರಿ ಎಂದಿಟ್ಟುಕೊಳ್ಳೋಣ. ಕಣದಲ್ಲಿ ಎರಡೂ ಕೂಡಿ ಅಲೆಗಳ ನಡುವೆ 90 ಡಿಗ್ರಿ ಅಂತರ. ಪ್ರತಿಕಣದಲ್ಲಿ ಒಂದರಿಂದ ಇನ್ನೊಂದು ಕಳೆದು 30 ಡಿಗ್ರಿ ಅಂತರ. ಅಂತರಗಳು ಬೇರೆಯಾದದ್ದರಿಂದ ಅಲೆಗಳು ಕೂಡುವ ರೀತಿ ಬೇರೆ, ಆದ್ದರಿಂದ ಕ್ಷಯದ ಪ್ರಮಾಣವೂ ಬೇರೆ. ಎರಡರಲ್ಲಿ ಯಾವುದಾದರೂ ಒಂದು ಸೊನ್ನೆಯಾಗಿದ್ದರೆ ವ್ಯತ್ಯಾಸ ಕಾಣಿಸುವುದೇ ಇಲ್ಲ. ಎಷ್ಟೋ ಕ್ಷಯಗಳಲ್ಲಿ ಸಿಪಿ ಉಲ್ಲಂಘನೆ, ಅಂದರೆ ಸಿಪಿ ಸಮಮಿತಿ ಮುರಿಯುವುದು, ಕಣ್ಣಿಗೆ ಬೀಳದಿರಲು ಇದೂ ಒಂದು ಕಾರಣ.

ದುರ್ಬಲ ಬಲದ ಈ ಫೇಸ್ ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ಕೊಟ್ಟವರು ಜಪಾನಿನ ಕೊಬಯಾಶಿ ಮತ್ತು ಮಸ್ಕಾವಾ. 1973ರಲ್ಲಿ ಪ್ರಯೋಗಗಳಿಗೆ ಗೊತ್ತಿದ್ದದ್ದು ಮೂರು ಬಗೆಯ ಕ್ವಾರ್ಕ್‌ಗಳು (ಪ್ರೋಟಾನ್‌ನಂಥ ಕಣಗಳನ್ನು ಕಟ್ಟುವ ಮೂಲ ಕಣಗಳು) ಮಾತ್ರ. ನಾಲ್ಕು ಕ್ವಾರ್ಕ್‌ಗಳಿದ್ದರೂ ಆ ಫೇಸ್ ಅನ್ನು ಲೆಕ್ಕದಿಂದ ಒರೆಸಿಹಾಕಬಹುದು, ಆರು ಇದ್ದರೆ ಒಂದು ಫೇಸ್ ಒರೆಸಲಾಗದೆ ಉಳಿಯುತ್ತದೆ ಎಂದು ಅವರು ತೋರಿಸಿದರು. ಸಿಪಿ ಮುರಿಯುತ್ತದೆ ಎಂಬ ಒಂದೇ ಆಧಾರದ ಮೇಲೆ, ಯಾರೂ ಕಾಣದ ಕ್ವಾರ್ಕ್‌ಗಳು ಇರಲೇಬೇಕು ಎಂದು ಹೇಳಿದ ಧೈರ್ಯ ಅದು. ಬಾಟಮ್ ಕ್ವಾರ್ಕ್ 1977ರಲ್ಲಿ ಸಿಕ್ಕಿತು, ಟಾಪ್ 1995ರಲ್ಲಿ. 2001ರಲ್ಲಿ ಅಮೆರಿಕದ ಬಾಬಾರ್ ಮತ್ತು ಜಪಾನಿನ ಬೆಲ್ ಪ್ರಯೋಗಗಳು ಬಾಟಮ್ ಕ್ವಾರ್ಕ್ ಇರುವ ಬಿ ಮೆಸಾನ್ ಎಂಬ ಕಣಗಳಲ್ಲಿ ಸಿಪಿ ಉಲ್ಲಂಘನೆಯನ್ನು ಅಳೆದು ಈ ಲೆಕ್ಕಕ್ಕೆ ಮುದ್ರೆ ಒತ್ತಿದವು. 2008ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಸಮಮಿತಿ ಎಲ್ಲಿ ಮುರಿಯುತ್ತದೆ ಎಂದು ನಿಖರವಾಗಿ ಗುರುತಿಸಿದರೆ ಎಷ್ಟು ದೂರ ಸಾಗಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಬೇರಿಯಾನ್‌ಗೆ 61 ವರ್ಷ ಏಕೆ ಬೇಕಾಯಿತು

1964ರಿಂದ 2025ರವರೆಗೆ ಸಿಪಿ ಉಲ್ಲಂಘನೆ ಖಚಿತವಾಗಿ ಕಂಡದ್ದೆಲ್ಲ ಮೆಸಾನ್‌ಗಳಲ್ಲಿ. ಒಂದು ಕ್ವಾರ್ಕ್, ಒಂದು ಪ್ರತಿಕ್ವಾರ್ಕ್ ಸೇರಿದರೆ ಮೆಸಾನ್. ಮೂರು ಕ್ವಾರ್ಕ್ ಸೇರಿದರೆ ಬೇರಿಯಾನ್. ನಮ್ಮ ಮೈಯಲ್ಲಿರುವ ಪ್ರೋಟಾನ್, ನ್ಯೂಟ್ರಾನ್‌ಗಳು ಬೇರಿಯಾನ್‌ಗಳು. ಕಣ್ಣಿಗೆ ಕಾಣುವ ಜಗತ್ತನ್ನು ಕಟ್ಟಿರುವ ಬಗೆಯ ಕಣಗಳಲ್ಲೇ ಈ ಉಲ್ಲಂಘನೆ ಕಾಣದೆ ಉಳಿದಿತ್ತು ಎಂಬುದು ಆರು ದಶಕಗಳ ಕೊರತೆ.

ಎಲ್‌ಎಚ್‌ಸಿಬಿ ನೋಡಿದ್ದು ಲ್ಯಾಂಬ್ಡಾ-ಬಿ ಎಂಬ ಬೇರಿಯಾನ್ ಅನ್ನು. ಅಪ್, ಡೌನ್, ಬಾಟಮ್ ಕ್ವಾರ್ಕ್‌ಗಳಿಂದಾದ ಇದರ ತೂಕ ಪ್ರೋಟಾನ್‌ನ ಸುಮಾರು ಆರು ಪಟ್ಟು. ಆಯುಸ್ಸು ಸೆಕೆಂಡಿನ ಲಕ್ಷ ಕೋಟಿ ಭಾಗಗಳಲ್ಲಿ ಒಂದೂವರೆ. ಇದು ಒಂದು ಪ್ರೋಟಾನ್, ಒಂದು ಕೇಯಾನ್, ಎರಡು ಪಯಾನ್‌ಗಳಾಗಿ (ಕೇಯಾನ್, ಪಯಾನ್ ಎರಡೂ ಮೆಸಾನ್‌ಗಳೇ) ಒಡೆಯುವ ಕ್ಷಯವನ್ನು ತಂಡ ಆಯ್ದುಕೊಂಡಿತು. ಇಲ್ಲಿ ಎರಡು ದಾರಿಗಳಿವೆ. ಬಾಟಮ್ ಕ್ವಾರ್ಕ್ ನೇರವಾಗಿ ಅಪ್ ಕ್ವಾರ್ಕ್ ಆಗುವುದು ಒಂದು. ಕ್ಷಣಮಾತ್ರ ಮೂಡಿ ಮರೆಯಾಗುವ ಭಾರದ ಕಣಗಳ ಕುಣಿಕೆಯ ಮೂಲಕ ಸುತ್ತಿಬಂದು ಸ್ಟ್ರೇಂಜ್ ಕ್ವಾರ್ಕ್ ಆಗುವುದು ಇನ್ನೊಂದು. ಎರಡೂ ಹೆಚ್ಚುಕಡಿಮೆ ಸಮಬಲದವು, ಆದ್ದರಿಂದಲೇ ಅವುಗಳ ಕೂಡಾಟ ಕಾಣಸಿಗುತ್ತದೆ.

ತೊಡಕೆಂದರೆ ಸುಳ್ಳು ವ್ಯತ್ಯಾಸಗಳು. ಸರ್ನ್‌ನ ಕಣ ಡಿಕ್ಕಿ ಯಂತ್ರ ಎಲ್‌ಎಚ್‌ಸಿಯಲ್ಲಿ ಡಿಕ್ಕಿ ಹೊಡೆಯುವುದು ಪ್ರೋಟಾನ್ ಮತ್ತು ಪ್ರೋಟಾನ್. ಆರಂಭದಲ್ಲೇ ದ್ರವ್ಯದ ಕಡೆ ತಕ್ಕಡಿ ವಾಲಿದೆ, ಹಾಗಾಗಿ ಲ್ಯಾಂಬ್ಡಾ-ಬಿ ಮತ್ತು ಅದರ ಪ್ರತಿಕಣ ಸಮಸಂಖ್ಯೆಯಲ್ಲಿ ಹುಟ್ಟುವುದಿಲ್ಲ. ಶೋಧಕ ಯಂತ್ರವೂ ದ್ರವ್ಯದಿಂದಲೇ ಆದದ್ದು. ಅದರೊಳಗೆ ಹಾಯುವಾಗ ಪ್ರೋಟಾನ್‌ಗಿಂತ ಪ್ರತಿಪ್ರೋಟಾನ್ ಹೆಚ್ಚು ಸುಲಭವಾಗಿ ನಾಶವಾಗುತ್ತದೆ. ಧನ ಕಣಗಳು ಒಂದು ಪಕ್ಕಕ್ಕೂ ಋಣ ಕಣಗಳು ಇನ್ನೊಂದು ಪಕ್ಕಕ್ಕೂ ಬಾಗುವುದರಿಂದ, ಯಂತ್ರದ ಎರಡು ಬದಿಗಳಲ್ಲಿ ಕೊಂಚ ಹೆಚ್ಚುಕಡಿಮೆ ಇದ್ದರೂ ಲೆಕ್ಕ ತಪ್ಪುತ್ತದೆ. ಇದಕ್ಕಾಗಿ ಕಾಂತದ ಧ್ರುವಗಳನ್ನು ಆಗಾಗ ತಿರುಗಿಸಿ ದತ್ತಾಂಶ ಸಂಗ್ರಹಿಸಿದರು. ಜೊತೆಗೆ, ಲ್ಯಾಂಬ್ಡಾ-ಬಿ ಮೊದಲು ಚಾರ್ಮ್ ಕ್ವಾರ್ಕ್ ಇರುವ ಬೇರಿಯಾನ್ ಆಗಿ, ಆಮೇಲೆ ಅದೇ ನಾಲ್ಕು ಕಣಗಳಾಗಿ ಒಡೆಯುವ ಇನ್ನೊಂದು ಕ್ಷಯವನ್ನು ಅಳತೆಗೋಲಾಗಿ ಇಟ್ಟುಕೊಂಡರು. ಅಲ್ಲಿ ನಿಜವಾದ ಸಿಪಿ ವ್ಯತ್ಯಾಸ ನಗಣ್ಯ. ಹಾಗಾಗಿ ಅಲ್ಲಿ ಕಂಡ ವ್ಯತ್ಯಾಸವೆಲ್ಲ ಯಂತ್ರದ್ದು ಮತ್ತು ಹುಟ್ಟಿನದು. ಅದನ್ನು ಕಳೆದರೆ ಉಳಿಯುವುದೇ ನಿಸರ್ಗದ್ದು.

2011ರಿಂದ 2018ರವರೆಗೆ ಸಂಗ್ರಹಿಸಿದ ದತ್ತಾಂಶದಲ್ಲಿ 80,000ಕ್ಕೂ ಹೆಚ್ಚು ಕ್ಷಯಗಳು ಸಿಕ್ಕವು. ಉಳಿದ ವ್ಯತ್ಯಾಸ ಶೇ 2.45. ಅಂದರೆ ಎರಡೂ ಸಮಸಂಖ್ಯೆಯಲ್ಲಿ ಹುಟ್ಟಿದ್ದರೆ, ಇಂಥ ಪ್ರತಿ 1000 ಕ್ಷಯಗಳಲ್ಲಿ ಸುಮಾರು 512 ಕಣದವು, 488 ಪ್ರತಿಕಣದವು. ಇದರ ಖಚಿತತೆ 5.2 ಸಿಗ್ಮಾ: ನಿಜವಾದ ವ್ಯತ್ಯಾಸ ಇಲ್ಲದಿದ್ದರೂ ಬರೀ ಆಕಸ್ಮಿಕದಿಂದ ಇಷ್ಟು ಅಂತರ ಕಾಣುವ ಸಾಧ್ಯತೆ ಸುಮಾರು 50 ಲಕ್ಷದಲ್ಲಿ ಒಂದು. 5 ಸಿಗ್ಮಾ ದಾಟಿದರೆ ಮಾತ್ರ ಶೋಧ ಎನ್ನುವುದು ಈ ಕ್ಷೇತ್ರದ ಕಟ್ಟಳೆ. ಆ ಕಟ್ಟಳೆ ಏಕೆ ಬೇಕು ಎಂಬುದನ್ನು ಇದೇ ತಂಡದ ಹಿಂದಿನ ಕಥೆ ಹೇಳುತ್ತದೆ. 2017ರಲ್ಲಿ ಲ್ಯಾಂಬ್ಡಾ-ಬಿಯ ಇನ್ನೊಂದು ಕ್ಷಯದಲ್ಲಿ 3.3 ಸಿಗ್ಮಾದ ಸುಳಿವು ಸಿಕ್ಕಿತ್ತು. ಹೆಚ್ಚಿನ ದತ್ತಾಂಶ ಬಂದಾಗ ಅದು ಗಟ್ಟಿಯಾಗಲಿಲ್ಲ.

ಇದರಿಂದ ದ್ರವ್ಯ ಹೆಚ್ಚಾಗುತ್ತದೆಯೇ?

ಇಲ್ಲ. ಗೊಂದಲ ಹುಟ್ಟಿದ್ದೇ ಇಲ್ಲಿ.

ಲ್ಯಾಂಬ್ಡಾ-ಬಿ ಒಡೆದಾಗ ಕೊನೆಗೆ ಒಂದು ಪ್ರೋಟಾನ್ ಉಳಿಯುತ್ತದೆ. ಒಂದು ಬೇರಿಯಾನ್ ಹೋಗಿ ಒಂದು ಬೇರಿಯಾನ್ ಬಂತು. ಪ್ರತಿಕಣ ಒಡೆದಾಗ ಒಂದು ಪ್ರತಿಪ್ರೋಟಾನ್. ಲೆಕ್ಕ ಎಲ್ಲಿಯೂ ಏರುಪೇರಾಗಿಲ್ಲ. ಅಷ್ಟೇ ಅಲ್ಲ, ಸಿ, ಪಿ, ಟಿ ಮೂರನ್ನೂ ಒಟ್ಟಿಗೆ ಮಾಡಿದಾಗ ಸಮಮಿತಿ ಮುರಿಯಲಾಗದು ಎಂಬ ಆಳವಾದ ಪ್ರಮೇಯವೊಂದಿದೆ. ಅದರ ಪ್ರಕಾರ ಕಣ ಮತ್ತು ಪ್ರತಿಕಣಗಳ ಒಟ್ಟು ಆಯುಸ್ಸು ಒಂದೇ. ಈ ಒಂದು ಕ್ಷಯದಲ್ಲಿ ಕಣದ ಕಡೆ ಹೆಚ್ಚಿದ್ದರೆ ಬೇರೆ ಕ್ಷಯಗಳಲ್ಲಿ ಪ್ರತಿಕಣದ ಕಡೆ ಅಷ್ಟೇ ಹೆಚ್ಚಿರಬೇಕು. ಸರ್ನ್‌ನಲ್ಲೇ ಪ್ರತಿಹೈಡ್ರೋಜನ್ ಪರಮಾಣುಗಳನ್ನು ತಯಾರಿಸಿ ಹೈಡ್ರೋಜನ್ ಜೊತೆ ಹೋಲಿಸುವ ಪ್ರಯೋಗಗಳು ನಡೆಯುತ್ತಿವೆ. ಸಿಪಿಟಿ ಮುರಿದ ಕುರುಹು ಇದುವರೆಗೆ ಎಲ್ಲೂ ಸಿಕ್ಕಿಲ್ಲ.

ಹಾಗಿದ್ದರೂ ಸಿಪಿ ಉಲ್ಲಂಘನೆಗೂ ನಮ್ಮ ಇರವಿಗೂ ನಂಟಿದೆ. ವಿಶ್ವದಲ್ಲಿ ಇಂದು ಪ್ರತಿ 1000 ಕೋಟಿ ಫೋಟಾನ್‌ಗಳಿಗೆ (ಬೆಳಕಿನ ಕಣಗಳಿಗೆ) ಸುಮಾರು 6 ಬೇರಿಯಾನ್‌ಗಳಿವೆ. ಆದಿಯಲ್ಲಿ ದ್ರವ್ಯ, ಪ್ರತಿದ್ರವ್ಯ ಹೆಚ್ಚುಕಡಿಮೆ ಸಮವಾಗಿದ್ದು, ಪರಸ್ಪರ ನಾಶವಾಗಿ ಬೆಳಕಾದಾಗ ಉಳಿದ ಅತಿ ಸಣ್ಣ ಶೇಷ ನಾವು. ಆ ಶೇಷ ಉಳಿಯಬೇಕಾದರೆ ಏನೇನು ಬೇಕು ಎಂದು 1967ರಲ್ಲಿ ರಷ್ಯಾದ ಆಂದ್ರೇ ಸಖರೋವ್ ವಿಚಾರಮಾಡಿದರು. ಬೇರಿಯಾನ್‌ಗಳ ಸಂಖ್ಯೆ ಬದಲಾಗುವ ಪ್ರಕ್ರಿಯೆ ಇರಬೇಕು. ಸಿ ಮತ್ತು ಸಿಪಿ ಎರಡೂ ಮುರಿಯಬೇಕು. ಇಲ್ಲವಾದರೆ ದ್ರವ್ಯ ಹುಟ್ಟಿದಷ್ಟೇ ಪ್ರತಿದ್ರವ್ಯವೂ ಹುಟ್ಟಿ ಸರಿದೂಗುತ್ತದೆ. ಇವೆಲ್ಲ ಉಷ್ಣ ಸಮತೋಲ ತಪ್ಪಿದ ಹೊತ್ತಿನಲ್ಲಿ ನಡೆಯಬೇಕು. ಇಲ್ಲವಾದರೆ ಹುಟ್ಟಿದ ಹೆಚ್ಚುವರಿ ಹಿಂದಿನ ದಾರಿಯಲ್ಲೇ ಅಳಿಸಿಹೋಗುತ್ತದೆ.

ಸ್ಟ್ಯಾಂಡರ್ಡ್ ಮಾಡೆಲ್‌ನಲ್ಲಿ ಈ ಮೂರೂ ಹೆಸರಿಗಷ್ಟೇ ಇವೆ. ಅತಿ ಹೆಚ್ಚಿನ ತಾಪದಲ್ಲಿ ಬೇರಿಯಾನ್ ಸಂಖ್ಯೆ ಬದಲಾಗಬಲ್ಲದು. ಆದರೆ ಹಿಗ್ಸ್ ಕಣದ (ಇತರ ಮೂಲ ಕಣಗಳಿಗೆ ತೂಕ ಕೊಡುವ ಕ್ಷೇತ್ರದ ಕಣ) ತೂಕ 125 ಜಿಇವಿ (ಪ್ರೋಟಾನ್‌ನದು ಸುಮಾರು 1 ಜಿಇವಿ) ಎಂದು 2012ರಲ್ಲಿ ಗೊತ್ತಾದ ಮೇಲೆ ಮೂರನೆಯ ಷರತ್ತು ಬಿದ್ದುಹೋಯಿತು. ಆ ತೂಕ ಸುಮಾರು 70–80 ಜಿಇವಿಗಿಂತ ಕಡಿಮೆ ಇದ್ದಿದ್ದರೆ, ನೀರು ಕುದಿದು ಗುಳ್ಳೆಯೇಳುವ ಹಾಗೆ ವಿಶ್ವ ಥಟ್ಟನೆ ಸ್ಥಿತಿ ಬದಲಿಸುತ್ತಿತ್ತು. ಈಗಿನ ಲೆಕ್ಕದಲ್ಲಿ ಆ ಬದಲಾವಣೆ ಮೆಲ್ಲನೆ ಆಗಿಹೋಯಿತು, ಸಮತೋಲ ತಪ್ಪಲೇ ಇಲ್ಲ. ಕೊಬಯಾಶಿ-ಮಸ್ಕಾವಾ ಫೇಸ್‌ನಿಂದ ಬರುವ ಸಿಪಿ ಉಲ್ಲಂಘನೆಯೂ ಸಾಲದು. ಅದರಿಂದ ಸಿಗುವ ಶೇಷ, ನಾವು ಕಾಣುವುದಕ್ಕಿಂತ ಸಾವಿರ ಕೋಟಿ ಪಟ್ಟಿನ ಆಸುಪಾಸಿನಷ್ಟು ಕಡಿಮೆ. ಲ್ಯಾಂಬ್ಡಾ-ಬಿಯಲ್ಲಿ ಈಗ ಕಂಡದ್ದು ಇದೇ ಹಳೆಯ ಫೇಸ್‌ನ ಕೆಲಸ ಎಂದೇ ತೋರುತ್ತದೆ. ಅಂದರೆ ಸಾಕಾಗದ ಬಂಡವಾಳ ಇನ್ನೊಂದು ಪೆಟ್ಟಿಗೆಯಲ್ಲೂ ಸಿಕ್ಕಿದೆ, ಕೊರತೆ ತುಂಬಿಲ್ಲ.

ಕೋಲಾರದ ಗಣಿಯಲ್ಲಿ ಕಾದದ್ದು

ಸಖರೋವ್‌ರ ಮೊದಲ ಷರತ್ತಿಗೂ ಕರ್ನಾಟಕಕ್ಕೂ ನೇರ ಸಂಬಂಧವಿದೆ, ಅದನ್ನು ನಾವು ಮರೆಯಬಾರದು. 1974ರಲ್ಲಿ ಮೂರು ಬಲಗಳನ್ನೂ ಒಂದೇ ದೊಡ್ಡ ಸಮಮಿತಿಯ ತುಂಡುಗಳೆಂದು ಹೇಳುವ ಸಿದ್ಧಾಂತವೊಂದನ್ನು ಜಾರ್ಜೈ ಮತ್ತು ಗ್ಲಾಶೋ ಮುಂದಿಟ್ಟರು. ಒಡಿಶಾದಲ್ಲಿ ಹುಟ್ಟಿದ ಜೋಗೇಶ್ ಪತಿ ಮತ್ತು ಅಬ್ದುಸ್ ಸಲಾಂ ಅದೇ ಹೊತ್ತಿಗೆ ಕ್ವಾರ್ಕ್ ಮತ್ತು ಲೆಪ್ಟಾನ್‌ಗಳನ್ನು (ಎಲೆಕ್ಟ್ರಾನ್, ನ್ಯೂಟ್ರಿನೊ ಬಗೆಯ ಕಣಗಳನ್ನು) ಒಂದೇ ಕುಟುಂಬಕ್ಕೆ ತರುವ ಇನ್ನೊಂದು ದಾರಿ ತೋರಿದ್ದರು. ಕ್ವಾರ್ಕ್ ಮತ್ತು ಎಲೆಕ್ಟ್ರಾನ್ ಒಂದೇ ಮನೆಯವಾದರೆ ಒಂದು ಇನ್ನೊಂದಾಗಿ ಬದಲಾಗಬಹುದು. ಹಾಗಾದರೆ ಪ್ರೋಟಾನ್ ಎಂದಾದರೂ ಒಡೆಯಲೇಬೇಕು.

ಇದನ್ನು ಪರೀಕ್ಷಿಸಲು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಮತ್ತು ಜಪಾನಿನ ಒಸಾಕಾ ತಂಡ 1980ರಲ್ಲಿ ಕೋಲಾರ ಚಿನ್ನದ ಗಣಿಯಲ್ಲಿ, ನೆಲದಿಂದ 2,300 ಮೀಟರ್ ಆಳದಲ್ಲಿ, 140 ಟನ್‌ನ ಶೋಧಕವನ್ನು ನಿಲ್ಲಿಸಿದವು. ಇದೇ ಗಣಿಯಲ್ಲಿ 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು (ವಿದ್ಯುದಂಶವಿಲ್ಲದ ಅತಿ ಹಗುರ ಕಣಗಳನ್ನು) ಗುರುತಿಸಿದ್ದ ಅನುಭವ ಅವರ ಬೆನ್ನಿಗಿತ್ತು. ಎಂ.ಜಿ.ಕೆ. ಮೆನನ್, ವಿ.ಎಸ್. ನರಸಿಂಹಂ, ನಂಜನಗೂಡಿನ ಬಿ.ವಿ. ಶ್ರೀಕಂಠನ್ ಮೊದಲಾದವರಿದ್ದ ಆ ತಂಡಕ್ಕೆ ಪ್ರೋಟಾನ್ ಕ್ಷಯದಂತೆ ಕಾಣುವ ಕೆಲವು ಘಟನೆಗಳು ಸಿಕ್ಕವು, ಜಗತ್ತು ಕಿವಿ ನಿಮಿರಿಸಿತು. ಅಮೆರಿಕ ಮತ್ತು ಜಪಾನಿನ ಇನ್ನೂ ದೊಡ್ಡ ಶೋಧಕಗಳಿಗೆ ಅಂಥದ್ದೇನೂ ಕಾಣಲಿಲ್ಲ. ಇಂದು ಜಪಾನಿನ ಸೂಪರ್-ಕಮಿಯೊಕಾಂಡೆ ಶೋಧಕ ಕೊಟ್ಟ ಮಿತಿಯ ಪ್ರಕಾರ, ಅತಿ ನಿರೀಕ್ಷಿತ ಕ್ಷಯದ ದಾರಿಯಲ್ಲಿ ಪ್ರೋಟಾನ್‌ನ ಆಯುಸ್ಸು 10ರ 34ನೇ ಘಾತದ 2.4 ಪಟ್ಟು ವರ್ಷಗಳಿಗಿಂತ ಹೆಚ್ಚು. 1974ರ ಆ ಸರಳ ಸಿದ್ಧಾಂತ ಇದರ ಮುಂದೆ ನಿಲ್ಲಲಿಲ್ಲ. ಗಣಿತವಾಗಿ ಅದು ಬಹಳ ಸುಂದರವಾಗಿತ್ತು, ಆದರೂ ನಿಲ್ಲಲಿಲ್ಲ.

ಇನ್ನು ಎಲ್ಲಿ ಹುಡುಕಬೇಕು: ಮೂರು ವಾದಗಳು

ಕೊರತೆಯನ್ನು ತುಂಬುವ ಹೊಸ ಸಿಪಿ ಉಲ್ಲಂಘನೆ ಕ್ವಾರ್ಕ್‌ಗಳ ಸುತ್ತಮುತ್ತಲೇ ಅಡಗಿದೆ ಎನ್ನುವವರದು ಒಂದು ಪಕ್ಷ. ಕುಣಿಕೆಯ ದಾರಿಯಲ್ಲಿ ಕ್ಷಣಕಾಲ ಮೂಡುವ ಕಣಗಳಲ್ಲಿ ನಮಗೆ ಗೊತ್ತಿಲ್ಲದ ಭಾರದ ಕಣವೂ ಇರಬಹುದು. ಹಾಗಿದ್ದರೆ ಬೇರೆ ಬೇರೆ ಕ್ಷಯಗಳಲ್ಲಿ ಅಳೆದ ವ್ಯತ್ಯಾಸಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಬೇರಿಯಾನ್ ಫಲಿತಾಂಶಕ್ಕೆ ನಿಜವಾದ ಬೆಲೆ ಇಲ್ಲಿದೆ ಎಂದು ನನ್ನ ಅಭಿಪ್ರಾಯ: ತಾಳೆ ನೋಡಲು ಹೊಸದೊಂದು ಖಾತೆ ತೆರೆದಿದೆ. ಆದರೆ ಅಡ್ಡಿಯೂ ಇದೆ. ಪ್ರಬಲ ಬಲದಿಂದ ಬರುವ ಫೇಸ್ ಅನ್ನು ಬೇರಿಯಾನ್‌ಗಳಲ್ಲಿ ಲೆಕ್ಕಹಾಕುವುದು ಇನ್ನೂ ಬಹಳ ಕಷ್ಟ. ಅಳತೆ ಎಷ್ಟೇ ನಿಖರವಾದರೂ, ಹೋಲಿಸಲು ಅಷ್ಟೇ ನಿಖರವಾದ ಲೆಕ್ಕ ಇಲ್ಲದಿದ್ದರೆ ತೀರ್ಪು ಕೊಡಲಾಗದು.

ಎರಡನೆಯ ಪಕ್ಷ ನ್ಯೂಟ್ರಿನೊಗಳತ್ತ ಬೆರಳು ಮಾಡುತ್ತದೆ. 1986ರಲ್ಲಿ ಫುಕುಗಿತಾ ಮತ್ತು ಯನಗಿದಾ ಹೇಳಿದಂತೆ, ಆದಿ ವಿಶ್ವದಲ್ಲಿ ಅತಿ ಭಾರದ ನ್ಯೂಟ್ರಿನೊಗಳ ಕ್ಷಯದಲ್ಲಿ ಮೊದಲು ಲೆಪ್ಟಾನ್‌ಗಳ ಅಸಮತೋಲ ಹುಟ್ಟಿ, ಅದರ ಒಂದು ಭಾಗ ಬೇರಿಯಾನ್‌ಗಳ ಅಸಮತೋಲವಾಗಿ ಬದಲಾಗಿರಬಹುದು. ಇದಕ್ಕೆ ಪುಷ್ಟಿ ಸಿಗಬೇಕಾದರೆ ಹಗುರ ನ್ಯೂಟ್ರಿನೊಗಳಲ್ಲಾದರೂ ಸಿಪಿ ಮುರಿಯುವುದನ್ನು ಕಾಣಬೇಕು. ಜಪಾನಿನ ಟಿ2ಕೆ ಮತ್ತು ಅಮೆರಿಕದ ನೋವಾ ಪ್ರಯೋಗಗಳ ಜಂಟಿ ವಿಶ್ಲೇಷಣೆ 2025ರ ಅಕ್ಟೋಬರ್‌ನಲ್ಲಿ ಪ್ರಕಟವಾಯಿತು. ಮೂರು ನ್ಯೂಟ್ರಿನೊಗಳ ತೂಕದ ಕ್ರಮ ಯಾವುದು ಎಂಬುದು ಗೊತ್ತಾಗದೆ ಸಿಪಿ ಬಗ್ಗೆ ಖಚಿತ ಮಾತು ಆಡಲಾಗದು ಎಂಬ ಸ್ಥಿತಿಯಲ್ಲೇ ಅದು ನಿಂತಿದೆ. ತೂಕದ ಕ್ರಮವನ್ನು ಹುಡುಕಲು ಚೀನಾದ ಜುನೊ ಶೋಧಕ 2025ರ ಆಗಸ್ಟ್‌ನಲ್ಲಿ ಕೆಲಸ ಆರಂಭಿಸಿದೆ. ಇದೇ ಪ್ರಶ್ನೆಗೆ ಭಾರತದ್ದೂ ಒಂದು ಉತ್ತರ ಇರಬೇಕಿತ್ತು. ಕೋಲಾರದ ಪರಂಪರೆ ಮುಂದುವರಿಸಲು ತಮಿಳುನಾಡಿನ ಥೇಣಿ ಜಿಲ್ಲೆಯಲ್ಲಿ ಯೋಜಿಸಿದ್ದ ನ್ಯೂಟ್ರಿನೊ ವೀಕ್ಷಣಾಲಯಕ್ಕೆ 2015ರಲ್ಲೇ ಕೇಂದ್ರದ ಒಪ್ಪಿಗೆ ಸಿಕ್ಕಿತ್ತು. ಸ್ಥಳೀಯ ವಿರೋಧ, ಪರಿಸರದ ಆತಂಕ, ನ್ಯಾಯಾಲಯದ ವ್ಯಾಜ್ಯಗಳ ನಡುವೆ ಅದು ಮೇಲೇಳಲಿಲ್ಲ.

ಮೂರನೆಯವರ ಮಾತು ಕಟುವಾದದ್ದು. ಸಮಮಿತಿಯ ಸೊಬಗಿಗೆ ಮನಸೋತು ಭೌತವಿಜ್ಞಾನ ನಲವತ್ತು ವರ್ಷ ಕಳೆದುಕೊಂಡಿದೆ ಎನ್ನುತ್ತಾರೆ ಅವರು. ಸೂಪರ್‌ಸಿಮೆಟ್ರಿ ಪ್ರತಿ ಕಣಕ್ಕೂ ಒಂದು ಜೊತೆಗಾರ ಕಣವನ್ನು ಊಹಿಸಿತ್ತು. ಎಲ್‌ಎಚ್‌ಸಿಯಲ್ಲಿ ಇಷ್ಟು ವರ್ಷಗಳಲ್ಲಿ ಒಂದೂ ಸಿಕ್ಕಿಲ್ಲ. ಇನ್ನೊಂದೆಡೆ ಪ್ರಬಲ ಬಲದಲ್ಲಿ ಸಿಪಿ ಮುರಿಯಲು ಸಿದ್ಧಾಂತದ ತಡೆಯೇನೂ ಇಲ್ಲ, ಆದರೂ ಮುರಿಯುತ್ತಿಲ್ಲ. ಮುರಿದಿದ್ದರೆ ನ್ಯೂಟ್ರಾನ್‌ನೊಳಗೆ ಧನ-ಋಣಗಳು ಕೊಂಚ ಸರಿದಿರಬೇಕಿತ್ತು. ಸ್ವಿಟ್ಜರ್ಲೆಂಡಿನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅತಿ ಸೂಕ್ಷ್ಮ ಅಳತೆಯಲ್ಲೂ ಅಂಥ ಸರಿತ ಕಂಡಿಲ್ಲ. ಇದನ್ನು ವಿವರಿಸಲು 1977ರಲ್ಲಿ ಪೆಚ್ಚೈ ಮತ್ತು ಕ್ವಿನ್ ಇನ್ನೊಂದು ಹೊಸ ಸಮಮಿತಿಯನ್ನೇ ಸೂಚಿಸಿದರು, ಅದರ ಫಲವಾಗಿ ಬರಬೇಕಾದ ಆಕ್ಸಿಯಾನ್ ಕಣವೂ ಇನ್ನೂ ಸಿಕ್ಕಿಲ್ಲ.

ಈ ಟೀಕೆಯಲ್ಲಿ ಅರ್ಧ ನಿಜವಿದೆ. ಅಳತೆಯಲ್ಲಿ ಗೆದ್ದ ಸಮಮಿತಿ ಬೇರೆ, ಇದ್ದರೆ ಚೆನ್ನ ಎಂದು ಬಯಸಿದ ಸಮಮಿತಿ ಬೇರೆ. ಶಕ್ತಿ ಸಂರಕ್ಷಣೆ, ವಿದ್ಯುತ್ಕಾಂತದ ಫೇಸ್ ಸಮಮಿತಿ, ಸಿಪಿಟಿ ಇವು ಪರೀಕ್ಷೆಗೆ ನಿಂತು ಗೆದ್ದವು. ಸೂಪರ್‌ಸಿಮೆಟ್ರಿ, 1974ರ ಸಿದ್ಧಾಂತ ಬಯಸಿದಂಥ ಮಹಾ ಏಕೀಕರಣ ಇವು ಇನ್ನೂ ಬಯಕೆಗಳು. ಮೊದಲನೆಯದರ ಯಶಸ್ಸನ್ನು ತೋರಿಸಿ ಎರಡನೆಯದಕ್ಕೆ ಹಣ ಕೇಳುವುದು ಸರಿಯಲ್ಲ, ಎರಡನೆಯದರ ಸೋಲನ್ನು ತೋರಿಸಿ ಮೊದಲನೆಯದನ್ನು ಅನುಮಾನಿಸುವುದೂ ಸರಿಯಲ್ಲ. ವು ಅವರ ಮತ್ತು 1964ರ ಪ್ರಯೋಗಗಳು ಸಮಮಿತಿಯನ್ನು ನಂಬಿದವುಗಳಲ್ಲ, ಒರೆಗೆ ಹಚ್ಚಿದವು. ಭೌತವಿಜ್ಞಾನ ಮುಂದೆ ಸಾಗಿದ್ದು ಆಗಲೇ.

ಹಣ ಮತ್ತು ಕಾಲ

ಈ ವಾದಗಳ ಹಿಂದೆ ದೊಡ್ಡ ಮೊತ್ತಗಳಿವೆ. ಸರ್ನ್ ಯೋಜಿಸುತ್ತಿರುವ ಮುಂದಿನ ಡಿಕ್ಕಿ ಯಂತ್ರದ (ಕೊಲೈಡರ್) ಸುತ್ತಳತೆ ಸುಮಾರು 91 ಕಿಲೋಮೀಟರ್. ಮೊದಲ ಹಂತದ ಅಂದಾಜು ವೆಚ್ಚವೇ ಸುಮಾರು 1,500 ಕೋಟಿ ಸ್ವಿಸ್ ಫ್ರಾಂಕ್. ಅದರ ನಿರ್ಧಾರ 2028ರ ಸುಮಾರಿಗೆ ಬರಬೇಕಿದೆ. ಭಾರತ 2017ರಿಂದ ಸರ್ನ್‌ನ ಸಹ ಸದಸ್ಯ ರಾಷ್ಟ್ರವಾದ್ದರಿಂದ ಈ ಚರ್ಚೆ ನಮ್ಮದೂ ಹೌದು. ಜಪಾನಿನಲ್ಲಿ 2.6 ಲಕ್ಷ ಟನ್ ನೀರಿನ ಹೈಪರ್-ಕಮಿಯೊಕಾಂಡೆ, ಅಮೆರಿಕದಲ್ಲಿ 1,300 ಕಿಲೋಮೀಟರ್ ದೂರಕ್ಕೆ ನ್ಯೂಟ್ರಿನೊ ಹಾಯಿಸುವ ಡ್ಯೂನ್ ಈಗಾಗಲೇ ಕಟ್ಟಡದ ಹಂತದಲ್ಲಿವೆ. ನ್ಯೂಟ್ರಿನೊಗಳಲ್ಲಿ ಸಿಪಿ ಮುರಿಯುತ್ತದೆ ಎಂದು ಇವುಗಳಿಂದ ಗೊತ್ತಾದರೂ ಆದಿ ವಿಶ್ವದಲ್ಲಿ ಹಾಗೇ ಆಯಿತು ಎಂದು ಸಾಬೀತಾಗುವುದಿಲ್ಲ, ಏಕೆಂದರೆ ಆ ಭಾರದ ನ್ಯೂಟ್ರಿನೊಗಳು ಯಾವ ಯಂತ್ರದ ಕೈಗೂ ಎಟುಕುವಂಥವಲ್ಲ. ಆಗಲೂ ತಲೆಬರಹಗಳು ಒಗಟು ಬಿಡಿಸಿತು ಎಂದೇ ಬರಬಹುದು.

ಎಲ್‌ಎಚ್‌ಸಿಬಿಯ ನವೀಕರಿಸಿದ ಶೋಧಕ ಹಿಂದಿಗಿಂತ ವೇಗವಾಗಿ ದತ್ತಾಂಶ ಕೂಡಿಹಾಕಬಲ್ಲದು. ಮುಂದಿನ ಪ್ರಕಟಣೆ ಬಂದಾಗ ಓದುಗರು ಕೇಳಬೇಕಾದ ಪ್ರಶ್ನೆ ಸಿಪಿ ಮುರಿಯಿತೇ ಎಂಬುದಲ್ಲ. ಲ್ಯಾಂಬ್ಡಾ-ಬಿಯ ಇತರ ಕ್ಷಯಗಳಲ್ಲಿ ಎಷ್ಟು ಮುರಿಯಿತು, ಬಿ ಮೆಸಾನ್‌ಗಳಲ್ಲಿ ಶೇ 10ನ್ನೂ ಮೀರುವ ವ್ಯತ್ಯಾಸ ಬೇರಿಯಾನ್‌ಗಳಲ್ಲಿ ಏಕೆ ಇಷ್ಟು ಕಡಿಮೆ, ಮತ್ತು ಆ ಅಂಕಿಗಳೆಲ್ಲ 1973ರ ಒಂದೇ ಫೇಸ್‌ಗೆ ಹೊಂದುತ್ತವೆಯೇ ಎಂಬುದು. ಹೊಂದದ ಅಂಕಿ ಒಂದಾದರೂ ಸಿಕ್ಕಿ 5 ಸಿಗ್ಮಾ ದಾಟಿದರೆ, ಆಗ ಇಂದಿನ ಸಿದ್ಧಾಂತದ ಆಚೆಗೆ ಏನೋ ಇದೆ ಎಂದು ಹೇಳಬಹುದು.